ಬಸ್ಸಿನ ಬೋರ್ಡೇ ಅಂಕಲಿಪಿ

ಬೆಳಗಿನ ಐದೂ ಮುಕ್ಕಾಲು. ಬೈಲಹೊಂಗಲದ ಬಸ್ ನಿಲ್ದಾಣಕ್ಕೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಡ್ರೈವರುಗಳು ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾರೆ. ನಾಯಿಗಳು ಎದ್ದು ಮೈ ಮುರಿಯುತ್ತಿವೆ. ಕಲ್ಮೇಶನ ಚಹಾದಂಗಡಿಯ ಸ್ಟೋವು ಸತ್ತವರೂ ಎದ್ದು ಕೂರುವ ಹಾಗೆ ಭುಸುಗುಡುತ್ತಿದೆ. ಮೂರನೇ ಪ್ಲಾಟ್‌ಫಾರಂ ಮುಂದೆ ಮಹಾನಂದಾ ಉದ್ದ ಕೋಲಿನ ಕಸಬರಿಗೆ ಹಿಡಿದು ನಿಂತಿದ್ದಾಳೆ. ಕೋಲಿನ ತುದಿಗೆ ಒಂದು ಮೊಬೈಲು. ಅದನ್ನು ಮಗಳ ಹಳೆಯ ಜಡೆ ರಿಬ್ಬನ್ನಿನಿಂದ ಹತ್ತು ಸುತ್ತು ಸುತ್ತಿ ಬಿಗಿದಿದ್ದಾಳೆ. ಕೋಲನ್ನು ಓರೆ ಮಾಡಿ, ಮೊಬೈಲನ್ನು ಮುಖದ ಹತ್ತಿರ ತಂದು, ಒಣಗಿದ ಗಂಟಲಲ್ಲಿ ಕೂಗುತ್ತಾಳೆ.

"ಬಂದ್ರೇನವಾ ಎಲ್ಲಾರೂ? ಹಾಜರಿ ಹಾಕ್ರಿ ಲಗೂನ. ಬಸ್ ನಿಮ್ಮಪ್ಪನ ಮನೀದಲ್ಲ, ನಿಂದರಂಗಿಲ್ಲ ಅದು."

ಪರದೆಯ ಮೇಲೆ ಒಂದು ಕೋಳಿಯ ಚಿತ್ರ ಬರುತ್ತದೆ. ಅದರ ಹಿಂದೆ ಒಂದು ಆನೆ. ಆಮೇಲೆ ಎರಡು ಕೆಂಪು ಮೆಣಸಿನಕಾಯಿ, ಒಂದು ಎಮ್ಮೆ, ಒಂದು ಚಂದ್ರ. ಇದೇ ಹಾಜರಿ. ಈ ಲೈವನ್ನು ತಮ್ಮ ತಮ್ಮ ಮನೆಯ ಮೊಬೈಲಿನಲ್ಲಿ ನೋಡುವವರೆಲ್ಲ ನಲವತ್ತು ದಾಟಿದ ಹೆಂಗಸರು, ಹೆಸರು ಬರೆಯಲು ಬಾರದವರು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಗೊತ್ತು ಮಾಡಿದ್ದಾಳೆ. ಕೋಳಿ ಅಂದರೆ ನೇಸರಗಿಯ ಶಟ್ಟೆವ್ವ. ಉಳಿದವರು ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹಳ್ಳಿಯವರು.

"ಕೋಳಿ ಬಂತು. ಆನಿ ಬಂತು. ಎಮ್ಮಿ, ನಿನ್ನೆ ಎಲ್ಲಿ ಮೇಯಾಕ ಹೋಗಿದ್ಯವಾ? ಆತು, ನೋಡ್ರಿ ಈಗ."

ಎರಡೂ ಕೈಯಿಂದ ಕಸಬರಿಗೆಯನ್ನು ಮೇಲೆತ್ತುತ್ತಾಳೆ. ಮೊಬೈಲು ಬಸ್ಸಿನ ಹಣೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ತಗಡಿನ ಬೋರ್ಡಿನ ಮೇಲೆ ಹಳದಿ ಅಕ್ಷರ: ಸವದತ್ತಿ. "ಮೊದಲನೇದು ಸ. ಅದರ ಮಗ್ಗಲಾಗ ವ. ಆಮ್ಯಾಲೆ ದ. ಕಡೀಕ ತ್ತಿ. ತ ಅಕ್ಷರದ ಕೆಳಗ ಜೋತುಬಿದ್ದೈತಲ್ಲ, ಅದು ಅದರ ಕೂಸು. ತಾಯಿ ಬಿಟ್ಟು ಕೂಸು ಹೋಗಂಗಿಲ್ಲ. ಅನ್ರಿ ನನ್ ಕೂಡ."

ಯಾರೂ ಅನ್ನುವುದು ಅವಳಿಗೆ ಕೇಳಿಸುವುದಿಲ್ಲ. ಆದರೂ ಅವಳು ತಡೆಯುತ್ತಾಳೆ, ಐವತ್ತು ಮಂದಿ ಒಂದೇ ದನಿಯಲ್ಲಿ ಹೇಳಿ ಮುಗಿಸುವಷ್ಟು ಹೊತ್ತು. ತೋಳು ನಡುಗಲು ಶುರುವಾದ ಮೇಲೆ ಕೋಲು ಇಳಿಸಿ ಮುಂದಿನ ಬಸ್ಸಿಗೆ ನಡೆಯುತ್ತಾಳೆ. ದಿನಕ್ಕೆ ನಾಲ್ಕು ಬೋರ್ಡು, ಇಪ್ಪತ್ತು ನಿಮಿಷ. ಆರೂ ಐದಕ್ಕೆ ಸಾಲೆ ಬಿಡುತ್ತದೆ. ರಿಬ್ಬನ್ ಬಿಚ್ಚಿದರೆ ಅದು ಮತ್ತೆ ಬರೀ ಕಸಬರಿಗೆ.

ಮಹಾನಂದಾಳಿಗೆ ಈಗ ನಲವತ್ತೇಳು. ಈ ನಿಲ್ದಾಣ ಗುಡಿಸಲು ಬಂದು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷ ಅವಳು ಗುಡಿಸಿದ ಧೂಳನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿ ಇನ್ನೊಂದು ಗುಡ್ಡ ಎದ್ದು, ಮಂದಿ ಅದಕ್ಕೂ ನಡೆದುಕೊಳ್ಳುತ್ತಿದ್ದರು. ನಾಲ್ಕೂವರೆಗೆ ಬರುತ್ತಾಳೆ, ಹನ್ನೆರಡೂವರೆಗೆ ಬಿಡುತ್ತಾಳೆ. ಅಷ್ಟರಲ್ಲಿ ನಿಲ್ದಾಣವನ್ನು ಮೂರು ಸಲ ಗುಡಿಸಿರುತ್ತಾಳೆ, ಹದಿನಾಲ್ಕು ಬುಟ್ಟಿ ಕಸ ಹೊತ್ತು ಹಾಕಿರುತ್ತಾಳೆ. ಅದರಲ್ಲಿ ಅರ್ಧ ಶೇಂಗಾ ಸಿಪ್ಪೆ, ಅರ್ಧ ಬಾಳೆಹಣ್ಣಿನ ಸಿಪ್ಪೆ. "ಈ ಮಂದಿ ಬಸ್ಸಿಗೆ ಬರ್ತಾರೋ ತಿನ್ನಾಕ ಬರ್ತಾರೋ ನನಗಂತೂ ತಿಳಿದಿಲ್ರಿ" ಎನ್ನುತ್ತಾಳೆ. ಮೊಣಕಾಲು ಹಿಡಿದುಕೊಂಡಿದೆ. ಗಂಟಲಲ್ಲಿ ವರ್ಷದ ಹನ್ನೆರಡೂ ತಿಂಗಳು ಧೂಳಿನ ಕೆರೆತ. ಗಂಡ ಹಣಮಂತಪ್ಪ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನು ಮನೆಗೆ ಬರುವ ಹೊತ್ತಿಗೆ ಇವಳು ಹೊರಡುತ್ತಾಳೆ. ಹೊಸ್ತಿಲಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ದಾರಿ ಬಿಡುವುದೇ ಅವರ ಮಾತುಕತೆ.

ಸಾಲೆ ಕಲಿತದ್ದು ಎರಡನೇ ಇಯತ್ತೆ, ಅದೂ ಸಿರಸಂಗಿಯ ಹತ್ತಿರದ ತವರಿನಲ್ಲಿ, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು. ಅಲ್ಲಿ ಕಲಿತದ್ದೆಲ್ಲ ಮದುವೆಯಾದ ವರ್ಷವೇ ಮರೆತುಹೋಯಿತು. ಮತ್ತೆ ಅಕ್ಷರ ಬಂದದ್ದು ಈ ನಿಲ್ದಾಣದಲ್ಲಿ. ಹತ್ತೊಂಬತ್ತು ವರ್ಷ ಕಣ್ಣೆದುರು ಅದೇ ಬೋರ್ಡು ಬಂದು ಅದೇ ಬೋರ್ಡು ಹೋದರೆ ಕಂಬಕ್ಕೂ ಓದು ಬರುತ್ತದೆ. ತಿಳಿಯದ ಅಕ್ಷರ ಬಂದಾಗ ಕಂಟ್ರೋಲರ್ ಉಳವಪ್ಪನವರನ್ನು ಕೇಳುತ್ತಿದ್ದಳು. "ಅ ಆ ಇ ಈ ನನಗ ಇವತ್ತಿಗೂ ಸಾಲಾಗಿ ಬರಂಗಿಲ್ರಿ. ನಂದು ಬೈ ದಿಂದ ಚಾಲೂ ಆಗ್ತೈತಿ. ಬೈಲಹೊಂಗಲ" ಎಂದು ನಗುತ್ತಾಳೆ.

ಹಾಗಾದರೆ ಈ ಲೈವ್ ಎಂಬ ಹುಚ್ಚು ಹಿಡಿದದ್ದು ಯಾವಾಗ? ಅದಕ್ಕೆ ಕಾರಣ ಒಂದು ತಪ್ಪು, ಮತ್ತು ಆ ತಪ್ಪು ಮಾಡಿದವಳು ಇವಳೇ.

ಹದಿನಾರು ತಿಂಗಳ ಹಿಂದಿನ ಮಾತು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ನಿಲ್ದಾಣಕ್ಕೆ ಮನೆ ಬಿಟ್ಟು ಎಲ್ಲಿಗೂ ಹೋಗದವರೂ ಬರತೊಡಗಿದ್ದರು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಈ ಬಸ್ಸು ಎಲ್ಲಿಗೆ ಹೋಗ್ತೈತ್ರಿ?" ಚಹಾದವನನ್ನು ಕೇಳುತ್ತಾರೆ, ಹೂವಿನವಳನ್ನು ಕೇಳುತ್ತಾರೆ, ಯಾರೂ ಸಿಗದಿದ್ದರೆ ಕಸ ಗುಡಿಸುವವಳನ್ನು. ದಿನಕ್ಕೆ ಸಾವಿರ ಸಲ ಅಲ್ಲ, ಲಕ್ಷ ಸಲ. ಅಂದು ಬೆಳಗ್ಗೆ ಒಬ್ಬ ಮುದುಕಿ ಬಂದು, "ತಂಗೀ, ರಾಮದುರ್ಗದ್ದು ಯಾವುದು?" ಎಂದಳು. ಮಹಾನಂದಾ ತಲೆ ಎತ್ತಲೇ ಇಲ್ಲ. ಬಗ್ಗಿದ ಸೊಂಟದಲ್ಲೇ ಕಸಬರಿಗೆ ತೋರಿಸಿ, "ಅದs ನೋಡವ್ವಾ, ನಿಂತೈತಿ" ಎಂದಳು. ರಾಮದುರ್ಗದ ಬಸ್ಸು ಆಗಲೇ ಹೊರಟುಹೋಗಿ, ಅದರ ಜಾಗದಲ್ಲಿ ಕಿತ್ತೂರಿನದು ಬಂದು ನಿಂತಿತ್ತು.

ರಾಮದುರ್ಗ ಒಂದು ದಿಕ್ಕಿಗೆ, ಕಿತ್ತೂರು ಇನ್ನೊಂದು ದಿಕ್ಕಿಗೆ. ಮಹಾನಂದಾ ಕೆಲಸ ಬಿಡುವ ಹೊತ್ತಿಗೆ ಆ ಮುದುಕಿ ಹೋದ ದಾರಿಯಲ್ಲೇ ತಿರುಗಿ ಬಂದಳು. ಬಂದವಳು ನಿಲ್ದಾಣದ ನಡುವೆ ನಿಂತು ಕೂಗಿದ ಕೂಗು ಬೆಳಗಾವಿಗೆ ಕೇಳಿಸಿತೆಂದು ಕಲ್ಮೇಶ ಈಗಲೂ ಆಣೆ ಇಟ್ಟು ಹೇಳುತ್ತಾನೆ. ಅವಳೇ ಶಟ್ಟೆವ್ವ. ಅರವತ್ಮೂರು ವರ್ಷ, ಮೂಗಿನಲ್ಲಿ ಎರಡೂ ಕಡೆ ಮೂಗುಬೊಟ್ಟು, ಒಂದು ಕಣ್ಣು ಮಸುಕು, ನಾಲಿಗೆ ಮಾತ್ರ ಹದಿನಾರರ ಹರೆಯದ್ದು. ರಾಮದುರ್ಗದಲ್ಲಿ ಅವಳ ಅಕ್ಕ ರಾಮವ್ವ ಲಕ್ವಾ ಹೊಡೆದು ಮಲಗಿದ್ದಳು. ಅವಳನ್ನು ನೋಡಲು ಮಗನ ಜೊತೆ ಜಗಳವಾಡಿ, ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಹೊರಟಿದ್ದಳು.

"ನಿನ್ನ ಕಸಬರಿಗಿ ನಂಬಿ ನಾ ಕಿತ್ತೂರು ಕೋಟಿ ನೋಡಿ ಬಂದ್ನೆಲ್ಲs! ನಮ್ಮಕ್ಕ ಹಾದಿ ಕಾಯ್ಕೋತ ಬಿದ್ದಾಳಲ್ಲೇ ಅಲ್ಲಿ!" ಎಂದು ಶಟ್ಟೆವ್ವ ಅತ್ತಳು.

ಮಹಾನಂದಾಳಿಗೂ ಅಂದು ಸಾಕಾಗಿತ್ತು. ತಿರುಗಿ ಬಿದ್ದಳು. "ಅಷ್ಟ ದೊಡ್ಡ ಅಕ್ಷರದಾಗ ಬರದಾರಲ್ಲ, ಓದಿ ಹತ್ತಬೇಕಿಲ್ಲ?"

"ಓದಾಕ ಬಂದಿದ್ರ ನಿನ್ನನ್ಯಾಕ ಕೇಳತಿದ್ದೆ? ಬಾಯಿ ಐತಿ ಅಂತ ಅನ್ನಬ್ಯಾಡ. ಕಲಸು ನೋಡೋಣ!"

ಆ ರಾತ್ರಿ ಮಹಾನಂದಾ ರೊಟ್ಟಿ ಮುಟ್ಟದೆ ಮೊಬೈಲು ಹಿಡಿದು ಕೂತಳು. ಮಗಳು ಮೀನಾ ಕಿತ್ತೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳಿಗೆ ಫೋನು ಹಚ್ಚಿ ಎಲ್ಲ ಹೇಳಿದಳು. ನೇಸರಗಿಗೆ ದಿನಾ ಹೋಗಿ ಕಲಿಸುವುದು ಆಗದ ಮಾತು, ಶಟ್ಟೆವ್ವ ಇಲ್ಲಿಗೆ ಬರುವುದೂ ಆಗದು. "ಯವ್ವಾ, ಲೈವ್ ಬಾ. ಆಕಿ ಮನ್ಯಾಗ ಕುಂತು ನೋಡ್ತಾಳ" ಎಂದವಳು ಮೀನಾ. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಮೂರು ಭಾನುವಾರ ಬಂದು ಕಲಿಸಿಕೊಟ್ಟಳು.

ಹೊತ್ತು ಗೊತ್ತು ಮಾಡಿದವಳು ಶಟ್ಟೆವ್ವ. ಐದೂ ಮುಕ್ಕಾಲಕ್ಕೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುತ್ತಾಳೆ. ಮಗನ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟುಕೊಳ್ಳಬಹುದು. ಆರೂವರೆಗೆ ಮಗ ಹೊಲಕ್ಕೆ ಹೊರಟರೆ ಮೊಬೈಲೂ ಅವನ ಕಿಸೆಯಲ್ಲಿ ಹೊರಡುತ್ತದೆ. ನಿಲ್ದಾಣದಲ್ಲಿ ಬಸ್ಸು ಕೇಳಿದ ಹೆಂಗಸರಿಗೆಲ್ಲ ಮಹಾನಂದಾ ಈ ಸಾಲೆಯ ಸುದ್ದಿ ಹೇಳಿ ಇನ್ನಷ್ಟು ಮಂದಿಯನ್ನು ಕೂಡಿಸಿದ್ದಳು; ಅವರದ್ದೂ ಇದೇ ಪಾಡು. ಮನೆಯ ಮೊಬೈಲು ಹೆಂಗಸಿನ ಕೈಗೆ ಸಿಗುವುದು ಗಂಡಸರು ಹಾಸಿಗೆಯಲ್ಲಿ ಇರುವಾಗ ಮಾತ್ರ. ಹಾಗಾಗಿ ಈ ಸಾಲೆಯಲ್ಲಿ ಪಾಟಿ ಇಲ್ಲ. ಬಡಿಯುವ ಕಲ್ಲಿನ ಮೇಲೆ ಉದುರಿದ ಜೋಳದ ಹಿಟ್ಟೇ ಪಾಟಿ, ಬೆರಳೇ ಬಳಪ. ಬರೆದ ಅಕ್ಷರ ಮುಂದಿನ ರೊಟ್ಟಿಗೆ ಅಂಟಿಕೊಂಡು ಹೋಗುತ್ತದೆ. ಸವದತ್ತಿ ಸೀಮೆಯಲ್ಲಿ ಈಚೆಗೆ ಎಷ್ಟು ಗಂಡಸರು ಗೊತ್ತಿಲ್ಲದೆ ಅಕ್ಷರ ನುಂಗಿ ಎಮ್ಮೆ ಮೇಯಿಸಲು ಹೋಗಿದ್ದಾರೋ ಲೆಕ್ಕವಿಲ್ಲ.

ಮೊದಲ ಎಂಟು ದಿನದ ಪಾಠವೆಲ್ಲ ಹಾಳಾಯಿತು. ಮಹಾನಂದಾ ತನ್ನ ಮುಖ ಕಾಣುವ ಕಡೆಯ ಕ್ಯಾಮೆರಾ ಹಾಕಿಕೊಂಡು, ಬೋರ್ಡಿಗೆ ಬೆನ್ನು ಮಾಡಿ ನಿಂತು ಕಲಿಸಿದಳು. ಅದರಲ್ಲಿ ಕನ್ನಡಿಯೊಳಗೆ ಕಂಡ ಹಾಗೆ ಎಲ್ಲ ಉಲ್ಟಾ ಕಾಣುತ್ತದೆಂದು ಅವಳಿಗೇನು ಗೊತ್ತು? ಮೂವತ್ತು ಹೆಂಗಸರು ಮೂವತ್ತು ಒಲೆಯ ಮುಂದೆ ಭಕ್ತಿಯಿಂದ ಅಕ್ಷರವನ್ನು ಎಡಬಲ ಮಾಡಿ ಕಲಿತರು. ಒಂಬತ್ತನೆಯ ದಿನ ಮೀನಾ ನೋಡಿ ಕಿರುಚಿಕೊಂಡಾಗಲೇ ಗೊತ್ತಾದದ್ದು. "ಕಲಸೋದಕ್ಕಿಂತ ಮರಸೋದು ಕಷ್ಟ ಆತ್ರಿ. ಒಬ್ಬಾಕಿ ಅಂತೂ, ಇಷ್ಟ ದಿನ ಕಲ್ತದ್ದು ಬಿಡಂಗಿಲ್ಲ, ನಿಮ್ಮ ಬಸ್ಸs ತಿರುವಿ ನಿಂದರಸ್ರಿ ಅಂದ್ಲು." ಅಂದಿನಿಂದ ಕ್ಯಾಮೆರಾ ಬೋರ್ಡಿನ ಕಡೆ. ಬೋರ್ಡು ಎತ್ತರದಲ್ಲಿದ್ದ ಕಾರಣ ಮೊಬೈಲು ಕಸಬರಿಗೆಯ ಕೋಲಿಗೆ ಏರಿತು. ಎರಡು ಸಲ ಬಿದ್ದಿದೆ. ಪರದೆಯ ತುಂಬ ಜೇಡರ ಬಲೆಯ ಹಾಗೆ ಬಿರುಕು.

ಯಾರೋ ಪುಣ್ಯಾತ್ಮರು ಒಂದು ದಿನದ ಪಾಠವನ್ನು ನಾಲ್ಕು ಗುಂಪಿಗೆ ಕಳಿಸಿದಾಗ ನೋಡುವವರು ಮುನ್ನೂರ ನಲವತ್ತಕ್ಕೆ ಏರಿದ್ದರು. ಮಹಾನಂದಾ ಅಂದು ಹೊಸ ಸೀರೆ ಉಟ್ಟು ಗುಡಿಸಿದಳು. ಆದರೆ ಬಂದವರಲ್ಲಿ ಕಲಿಯುವವರು ಎಷ್ಟು, ಕಾಲೆಳೆಯುವವರು ಎಷ್ಟು! "ಆಂಟಿ ಒಂದು ಡ್ಯಾನ್ಸ್" ಎಂದು ಬರೆದವರಿದ್ದಾರೆ. "ಕಸ ಉಳಿದೈತಿ, ಗುಡಿಸು" ಎಂದವರಿದ್ದಾರೆ. ಅವಳು ಅದನ್ನೂ ಕಷ್ಟಪಟ್ಟು ಕೂಡಿಸಿ ಕೂಡಿಸಿ ಓದಿದಳು. ಓದು ಬಂದದ್ದಕ್ಕೆ ಸಿಟ್ಟು ಬಂದದ್ದು ಅದೊಂದೇ ದಿನ.

ಹಬ್ಬ ಬಂತು, ಸುಗ್ಗಿ ಬಂತು, ಸೊಸೆಯ ಬಾಣಂತನ ಬಂತು. ಮುನ್ನೂರು ನೂರಾಯಿತು, ನೂರು ನಲವತ್ತಾಯಿತು. ಈ ಚಳಿಗಾಲಕ್ಕೆ ಹನ್ನೊಂದು. ಮಳೆ ಬಂದ ದಿನ, ನೆಟ್‌ವರ್ಕ್ ಸಿಗದ ದಿನ ಕೋಳಿ ಒಂದೇ.

"ಅಕ್ಕೋರ, ನಿಮ್ಮ ಸಾಲಿಗಿಂತ ನನ್ನ ಕೆಟಲಿ ಮುಂದ ಜಾಸ್ತಿ ಮಂದಿ ನಿಂತಾರು" ಎಂದು ಕಲ್ಮೇಶ, ಸಾಲೆಯ ಟೀಚರನ್ನು ಕರೆಯುವ ಹಾಗೆ ಕರೆದು, ಕೆಣಕುತ್ತಾನೆ. ಕೆಣಕುತ್ತಲೇ ಅವಳ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಾನೆ.

ಕಳೆದ ತಿಂಗಳ ಒಂದು ಬೆಳಗ್ಗೆ ಮಹಾನಂದಾ ಬೋರ್ಡು ತೋರಿಸದೆ ಕೋಲು ಕೆಳಗಿಟ್ಟು ಹೇಳಿದಳು. "ಯವಾ, ನನ್ನ ತೋಳು ಏಳವಲ್ದು. ನೀವು ನಾಕ ದಿನ ಬರ್ತೀರಿ, ಎಂಟ ದಿನ ಬರಂಗಿಲ್ಲ. ಕಲ್ತು ಯಾರರೆ ಒಬ್ಬಾಕಿ ತಾನs ಓದಿ ಬಸ್ ಹತ್ಯಾಳೇನ? ನಾ ಒಬ್ಬಾಕಿನ್ನೂ ನೋಡಿಲ್ಲ. ನಿಲ್ದಾಣದಾಗ ಇವತ್ತಿಗೂ ಕೇಳ್ತಾರ, ಇದು ಎಲ್ಲಿಗೆ, ಅದು ಎಲ್ಲಿಗೆ. ಸಾಕಾತು. ಈ ತಿಂಗಳ ಕಡೀಕ ಬಂದ್ ಮಾಡತೇನಿ."

ಅರ್ಧ ಗಂಟೆಯ ಮೇಲೆ ವಾಟ್ಸಾಪಿನಲ್ಲಿ ಶಟ್ಟೆವ್ವನ ದನಿ ಬಂತು. ಮಹಾನಂದಾ ಅದನ್ನು ಅಳಿಸಿಲ್ಲ. ಯಾರು ಕೇಳಿದರೂ ಹಚ್ಚಿ ಕೇಳಿಸುತ್ತಾಳೆ. ಹಿಂದೆ ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಮುದುಕಿಯ ಏರುದನಿ.

"ಏ ನಂದಾ, ಕೇಳಿಲ್ಲೆ. ಹದಿನಾಕ ತಿಂಗಳ ನಾ ಹಿಟ್ಟಿನ್ಯಾಗ ಬೆರಳ ತಿಕ್ಕೇನಿ. ನಮ್ಮಕ್ಕನ ನೋಡಾಕ ಮಗ ಮೂರ ಸಲ ಕರಕೊಂಡು ಹೋದ. ಅದೂ ಹೆಂಗ? ಪಾರ್ಸಲ್ ಒಯ್ದಂಗ. ಹೋಗಿ ಅರ್ಧ ತಾಸಿಗೆ, ಏಳಬೇ ಹೊತ್ತಾತು ಅಂತಾನ. ಆಕಿ ತಲಿ ಬಾಚಾಕೂ ಪುರಸೊತ್ತ ಕೊಡಂಗಿಲ್ಲ. ಬರೋ ಸೋಮವಾರ ನಾ ಒಬ್ಬಾಕಿನs ಬರತೇನಿ. ಯಾರನ್ನೂ ಕೇಳಂಗಿಲ್ಲ. ನಾ ಓದಿ ರಾಮದುರ್ಗದ ಬಸ್ ಹತ್ತಿದೆ ಅಂದ್ರ ನಿನ್ನ ಸಾಲಿ ನಡೀಬೇಕು. ತಪ್ಪಿದೆ ಅಂದ್ರ ನಿನ್ನ ಫೋನ್ ಒಗಿ, ನಾನೂ ಮನಿ ಹಿಡಕೊಂಡು ಕುಂದರತೇನಿ. ಆದ್ರ ನೀ ಬಾಯಿ ಬಿಡಬಾರದು. ಕಸಬರಿಗಿನೂ ತೋರಸಬಾರದು!"

ಆ ವಾರವಿಡೀ ಮಹಾನಂದಾ ನಾಲ್ಕರಲ್ಲಿ ಎರಡು ಬೋರ್ಡು ರಾಮದುರ್ಗದ್ದೇ ತೋರಿಸಿದಳು. "ರಾ ನೋಡ್ರಿ, ಸೆರಗು ಹೊದ್ದ ದುಂಡ ಮುದುಕಿ. ಕಡೀ ಅಕ್ಷರ ಗ, ಬಾಗಲದ ಕಮಾನ ಇದ್ದಂಗ. ಅದರ ಬೆನ್ನಿಗೆ ಒಂದು ಕೊಕ್ಕಿ ಐತಿ." ಉಳಿದ ಹತ್ತು ಮಂದಿಗೆ ರಾಮದುರ್ಗ ಕಂಡರೆ ವಾಕರಿಕೆ ಬರುವಷ್ಟಾಯಿತು.

ಸೋಮವಾರ. ಏಳೂ ಹತ್ತಕ್ಕೆ ನೇಸರಗಿಯ ಬಸ್ಸಿನಿಂದ ಶಟ್ಟೆವ್ವ ಇಳಿಯುತ್ತಾಳೆ. ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ರೊಟ್ಟಿಯ ಗಂಟು. ಮಗನಿಗೆ ಗುಡಿಗೆ ಹೋಗುವುದಾಗಿ ಹೇಳಿ ಬಂದಿದ್ದಾಳೆ. ಕಂಬದ ಹತ್ತಿರ ಮಹಾನಂದಾ ಇರುವುದನ್ನು ನೋಡುತ್ತಾಳೆ. ನೋಡಿ, ಮದುವೆಯಲ್ಲಿ ಮುನಿಸಿಕೊಂಡ ಬೀಗಿತ್ತಿಯ ಹಾಗೆ ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಾಳೆ. ಪಂಥ ಎಂದರೆ ಪಂಥ.

ಮಹಾನಂದಾ ಗುಡಿಸಿದ ಜಾಗವನ್ನೇ ಗುಡಿಸುತ್ತಾಳೆ. ಕಣ್ಣೆಲ್ಲ ಆ ಹಸಿರು ಸೀರೆಯ ಮೇಲೆ.

ಮೊದಲ ಬಸ್ಸಿನ ಮುಂದೆ ಶಟ್ಟೆವ್ವ ನಿಲ್ಲುತ್ತಾಳೆ. ಮಸುಕು ಕಣ್ಣಿಗೆ ಅಂಗೈ ಅಡ್ಡ ಹಿಡಿದು, ತುಟಿ ಅಲುಗಿಸುತ್ತಾಳೆ. ಸವದತ್ತಿ. ಮುಂದೆ ನಡೆಯುತ್ತಾಳೆ. ಎರಡನೆಯದು ಕಿತ್ತೂರಿನದು. ಅದನ್ನು ಹಳೆಯ ವೈರಿಯನ್ನು ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿ, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ದಾಟುತ್ತಾಳೆ. ಮೂರನೆಯದೇ ರಾಮದುರ್ಗದ ಬಸ್ಸು. ಏಳೂ ಇಪ್ಪತ್ತಕ್ಕೆ ಅಲ್ಲಿಂದ ಬಂದು, ಏಳೂ ನಲವತ್ತಕ್ಕೆ ತಿರುಗಿ ಅಲ್ಲಿಗೇ ಹೊರಡುತ್ತದೆ. ಇದು ನಿಲ್ದಾಣದ ನಾಯಿಗೂ ಗೊತ್ತು. ಮಂದಿ ಒಬ್ಬರನ್ನೊಬ್ಬರು ಕೇಳಿಕೊಂಡು ದಬದಬ ಹತ್ತುತ್ತಿದ್ದಾರೆ.

ಶಟ್ಟೆವ್ವ ಅದರ ಮುಂದೆ ನಿಲ್ಲುತ್ತಾಳೆ. ತುಟಿ ಅಲುಗುತ್ತದೆ. ಮತ್ತೆ ಮೊದಲಿಂದ ಅಲುಗುತ್ತದೆ. ಹತ್ತುವುದಿಲ್ಲ.

ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡುತ್ತಾಳೆ. ಹತ್ತುವುದಿಲ್ಲ.

ಮಹಾನಂದಾಳ ಕಸಬರಿಗೆ ನಿಲ್ಲುತ್ತದೆ. ಹದಿನಾಲ್ಕು ತಿಂಗಳು, ಎತ್ತಿದ ತೋಳು, ಕೂಗಿದ ಗಂಟಲು ಎಲ್ಲ ಬಂದು ಈ ಬಸ್ಸಿನ ಮುಂದೆ ನಿಂತುಬಿಟ್ಟಿದೆ. ಕಲ್ಮೇಶ ಕೆಟಲಿ ಹಿಡಿದವನು ಸುರಿಯುವುದನ್ನು ಮರೆತಿದ್ದಾನೆ. "ಹೇಳಲೇನ್ರೀ ಅಕ್ಕೋರ?" ಎಂದು ಪಿಸುಗುಡುತ್ತಾನೆ. "ಬಾಯಿ ಮುಚ್ಚು" ಎನ್ನುತ್ತಾಳೆ ಮಹಾನಂದಾ. ತನ್ನ ಬಾಯಿಗೂ ಸೆರಗು ಒತ್ತಿಕೊಂಡಿದ್ದಾಳೆ.

ಡ್ರೈವರ್ ಹತ್ತಿ ಕೂತು ಗಾಡಿ ಚಾಲೂ ಮಾಡುತ್ತಾನೆ. ಅಷ್ಟರಲ್ಲಿ ಮೈಕಿನಲ್ಲಿ ಉಳವಪ್ಪನವರ ದನಿ ಮೊಳಗುತ್ತದೆ: "ರಾಮದುರ್ಗಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಿದೆ." ಇನ್ನೇನು ಬೇಕು? ದೇವರೇ ಬಂದು ಕಿವಿಯಲ್ಲಿ ಹೇಳಿದ ಹಾಗಾಯಿತು. ಆದರೆ ಶಟ್ಟೆವ್ವ ಬಾಗಿಲ ಕಡೆ ಹೋಗದೆ ನೇರವಾಗಿ ಡ್ರೈವರನ ಕಡೆ ನಡೆದು, ಅವನ ಬಾಗಿಲನ್ನು ಅಂಗೈಯಿಂದ ಬಡಿಯುತ್ತಾಳೆ.

"ಏನಬೇ ಆಯೀ? ಹಿಂದ ಹತ್ತು ಹೋಗು."

"ಎಲ್ಲಿಗೆ ಹೋಗ್ತೈತೋ ಇದು?"

ಮಹಾನಂದಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೇಳಿಯೇಬಿಟ್ಟಳು. ಮುಗಿಯಿತು.

"ರಾಮದುರ್ಗಕ್ಕ. ಹತ್ತು ಲಗೂನ."

"ಮತ್ತ ಬೋರ್ಡಿನ್ಯಾಗ ಬೈಲಹೊಂಗಲ ಅಂತ ಯಾಕ ಬರದೈತಿ?"

ಮಹಾನಂದಾ ಕಣ್ಣು ಬಿಟ್ಟು ಬಸ್ಸಿನ ಹಣೆ ನೋಡುತ್ತಾಳೆ. ಬೈ, ಲ, ಹೊಂ, ಗ, ಲ. ತಗಡಿನ ಒಂದು ಬದಿಗೆ ಬರುವ ಊರು, ಇನ್ನೊಂದು ಬದಿಗೆ ಹೋಗುವ ಊರು. ಬಂದ ಮೇಲೆ ಬೋರ್ಡು ತಿರುವಿ ಹಾಕುವುದನ್ನು ಡ್ರೈವರ್ ಮರೆತಿದ್ದಾನೆ. ಅರವತ್ತು ಮಂದಿ ಹತ್ತಿ ಕೂತಿದ್ದಾರೆ. ಪೇಪರು ಓದುವವರಿದ್ದಾರೆ, ಕನ್ನಡಕ ಹಾಕಿದವರಿದ್ದಾರೆ. ಒಬ್ಬರೂ ನೋಡಿಲ್ಲ. ಹಸಿರು ಸೀರೆಯನ್ನೇ ನೋಡುತ್ತಿದ್ದ ಅಕ್ಕೋರೂ ನೋಡಿಲ್ಲ.

"ಅಯ್ಯs, ತಿರುವೋದು ಬಿಟ್ಟೈತಿ ಬಿಡಬೇ" ಎಂದು ಡ್ರೈವರ್ ನಗುತ್ತಾನೆ. "ನಾ ಹೇಳಾಕತ್ತೇನಲ್ಲ ರಾಮದುರ್ಗ ಅಂತ. ಮೈಕಿನ್ಯಾಗೂ ಹೇಳಿದ್ರಲ್ಲ."

"ನೀ ಹೇಳ್ತಿ. ಹಿಂದ ಒಬ್ಬಾಕಿನೂ ಹಿಂಗs ಹೇಳಿದ್ಲು. ಹೇಳಿದ್ದು ಕೇಳಿ ಹತ್ತಿದ್ದಕ್ಕ ಎಲ್ಲಿಗೆ ಹೋಗಿದ್ದೆ ಅನ್ನೋದು ನನಗ ಗೊತ್ತೈತಿ. ಬೋರ್ಡ ತಿರುವು ಮೊದಲ."

"ಹೊತ್ತಾತಬೇ!" ಒಳಗಿಂದ ಯಾರೋ ಕೂಗುತ್ತಾರೆ.

"ಆಗ್ಲಿ ಕುಂದ್ರು! ನನಗ ಅರವತ್ಮೂರ ವರ್ಷ ಹೊತ್ತಾಗೇತಿ, ನಿನಗ ಎರಡ ನಿಮಿಷಕ್ಕ ಏನಾಗ್ತೈತಿ?"

ಬಸ್ಸಿಗೆ ಬಸ್ಸೇ ನಗುತ್ತದೆ. ಡ್ರೈವರ್ ಗೊಣಗುತ್ತ ಎದ್ದು, ತಗಡು ಎಳೆದು ತಿರುವಿ ಹಾಕುತ್ತಾನೆ. ಶಟ್ಟೆವ್ವ ಮತ್ತೆ ಬಸ್ಸಿನ ಮುಂದೆ ಬರುತ್ತಾಳೆ. ಈಗ ಬೆರಳು ಗಾಳಿಯಲ್ಲಿ ಆಡುತ್ತದೆ, ದನಿ ಇಡೀ ನಿಲ್ದಾಣಕ್ಕೆ ಕೇಳುತ್ತದೆ. "ರಾ. ಮ. ದು. ರ್ಗ." ತಲೆಯಾಡಿಸಿ, "ಹ್ಞಾ, ಈಗ ಖರೆ" ಎನ್ನುತ್ತಾಳೆ. ಹತ್ತುವಾಗಲೂ ಮಹಾನಂದಾಳ ಕಡೆ ನೋಡುವುದಿಲ್ಲ. ಕಿಟಕಿಯ ಹತ್ತಿರ ಕೂತ ಮೇಲೆ ಮಾತ್ರ ಒಂದು ಸಲ ಹುಬ್ಬು ಹಾರಿಸುತ್ತಾಳೆ.

ಬಸ್ಸು ಗೇಟು ದಾಟಿ ಹೋದ ಮೇಲೂ ಮಹಾನಂದಾ ಅಲ್ಲೇ ನಿಂತಿರುತ್ತಾಳೆ. ಉಳವಪ್ಪನವರು ಕೋಣೆಯಿಂದ ಹೊರಗೆ ಬಂದು, "ನಿಮ್ಮ ವಿದ್ಯಾರ್ಥಿನಿ ನಮ್ಮ ಬಸ್ಸs ಮೂರ ನಿಮಿಷ ಲೇಟ್ ಮಾಡಿದ್ಲಲ್ಲವಾ" ಎನ್ನುತ್ತಾರೆ.

"ದಂಡ ನನಗ ಹಾಕ್ರಿ ಸಾಹೇಬ್ರ" ಎನ್ನುತ್ತಾಳೆ. ಕಂಬಕ್ಕೆ ಒರಗಿ ಕೂತುಬಿಡುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲವಂತೆ. ಕಲ್ಮೇಶ ಚಹಾ ತಂದು ಕೈಗೆ ಕೊಡುತ್ತಾನೆ, ಕೆಣಕುವುದಿಲ್ಲ.

ಮಧ್ಯಾಹ್ನ ರಾಮದುರ್ಗದಿಂದ, ಅಕ್ಕನ ಮನೆಯವರ ಮೊಬೈಲಿನಿಂದ, ದನಿ ಬರುತ್ತದೆ. "ನಂದಾ, ಮುಟ್ಟೇನಿ. ಅಕ್ಕನ ತಲಿ ಬಾಚಿ, ಎಣ್ಣಿ ಹಚ್ಚಿ, ಹೆಳಲ ಹಾಕೇನಿ. ಏಳs ಅಂತ ಯಾರೂ ಅಂದಿಲ್ಲ. ಇನ್ನ ಮುಂದ ಸೋಮವಾರಕ್ಕೊಮ್ಮಿ ಬರಾಕೀನs ನಾ. ಮಗಗೂ ಫೋನ್ ಹಚ್ಚಿ ಹೇಳೇನಿ, ಗುಡಿ ರಾಮದುರ್ಗದಾಗ ಐತಿ ಅಂತ."

ಹಾಗಂತ ಮಹಾನಂದಾಳ ಮೊಣಕಾಲಿನ ನೋವು ಇಳಿದಿಲ್ಲ. ನೋಡುವವರು ಹನ್ನೊಂದರಿಂದ ಹನ್ನೆರಡೂ ಆಗಿಲ್ಲ. ಇದಾದ ಮೂರು ವಾರಕ್ಕೆ ಮತ್ತೊಂದು ಸೋಮವಾರದ ಬೆಳಗ್ಗೆ ಅವಳು ಕಸಬರಿಗೆಗೆ ರಿಬ್ಬನ್ ಸುತ್ತುತ್ತಿದ್ದಾಳೆ. ಕಣ್ಣಿನ ಕೆಳಗೆ ಕಪ್ಪು, ತೋಳಿಗೆ ಹಚ್ಚಿದ ನೋವಿನ ಎಣ್ಣೆಯ ವಾಸನೆ. ಹಾಜರಿಯಲ್ಲಿ ಇವತ್ತು ಒಂಬತ್ತೇ ಚಿತ್ರ. ಇಷ್ಟು ಕಡಿಮೆ ಮಂದಿಗೆ ಇಷ್ಟು ಕಷ್ಟ ಯಾಕೆ, ಬಂದ್ ಮಾಡಬಾರದೇ ಎಂದು ಕೇಳಿದರೆ, ಅವಳು ಬಿರುಕುಬಿಟ್ಟ ಪರದೆಯನ್ನು ಸೆರಗಿನಿಂದ ಒರೆಸುತ್ತಾಳೆ.

"ಮಾಡತೇನ್ರಿ. ಒಂದಿನ ನಾ ಲೈವ್ ಬಂದಾಗ ನೋಡೋರು ಒಬ್ಬರೂ ಇರಬಾರದು. ಎಲ್ಲಾರೂ ಬಸ್ಸಿನ್ಯಾಗ ಇರಬೇಕು. ಅವತ್ತ ಬಂದ್ ಮಾಡಿ, ಮರುದಿನ ರಜಾ ಹಾಕಿ, ಏಳು ಗಂಟಿ ತನಕ ಮಲಗತೇನಿ."

ಕೋಲು ಮೇಲೇರುತ್ತದೆ.